ಮಲೆನಾಡ ಮಳೆಗಾಲದಲ್ಲಿ ಕ್ರಿಕೆಟ್ ಹುಳ ಸಾಕಾಣಿಕೆ: ಹಳೇ ಫ್ರಿಜ್ಜು, ಬಚ್ಚಲ ಗೋಡೆ, ಖರ್ಚಿನ ಲೆಕ್ಕ

ರಾತ್ರಿ ಸೌದೆ ಅಡೀಲಿ, ಗೋಡೆ ಸಂದೀಲಿ ಕೂತು ಚಿರ್ ಅಂತ ಕೂಗೋ ಕ್ರಿಕೆಟ್ ಹುಳಾನ ಪೆಟ್ಟಿಗೇಲಿ ಸಾಕಿ ಪ್ರೋಟೀನಿಗೆ ಬಳಸೋದು ಹೊಸ ಸುದ್ದಿ ಏನಲ್ಲ, ಥಾಯ್ಲೆಂಡಲ್ಲಿ ಸುಮಾರು 20 ಸಾವಿರ ಫಾರಂ ಇದಾವೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದೀಲೇ ಬರೆದಿತ್ತು. ಆದ್ರೆ ಅಲ್ಲಿ ವರ್ಷಪೂರ್ತಿ ಸೆಕೆ. ಈ ಹುಳಕ್ಕೆ ಬೇಕಾಗಿರೋದು 28ರಿಂದ 32 ಡಿಗ್ರಿ, ಅಲ್ಲಿ ಅದು ಪುಕ್ಕಟೆ ಸಿಗುತ್ತೆ. ತೀರ್ಥಹಳ್ಳಿ ಕಡೆ ಆರಿದ್ರೆ ಮಳೆ ಹಿಡಿದ್ರೆ ಮನೆ ಒಳಗೆ 22 ಡಿಗ್ರಿ, ಹಗ್ಗದ ಮೇಲಿನ ಬಟ್ಟೆ ವಾರ ಆದ್ರೂ ಒಣಗಲ್ಲ, ಹಪ್ಪಳದ ಡಬ್ಬಿಗೂ ಬೂಷ್ಟು ಬರುತ್ತೆ. ಹಾಗಾಗಿ ಈ ಬರಹದಲ್ಲಿ ಹುಳಕ್ಕಿಂತ ಜಾಸ್ತಿ ಬಿಸಿ ಮತ್ತೆ ತೇವದ ವಿಚಾರಾನೇ ಇರುತ್ತೆ. ನಾಟಿ ಕೋಳಿ ಮರಿಗಳಿಗೆ ಮೇವು ಆಗ್ಲಿ, ಸಾಧ್ಯ ಆದ್ರೆ ನಮ್ಮ ತಟ್ಟೆಗೂ ಬರ್ಲಿ ಅಂತ ಶುರು ಮಾಡಿದ್ದು.

ಹಂತ 1: ತಳಿ (ಜನವರಿ)

ಅರೋವಾನ ಮೀನು ಸಾಕೋರಿಗೆ ಜೀವಂತ ಹುಳ ಮಾರೋ ಒಬ್ರ ಹತ್ರ ಎರಡು ಡಬ್ಬಿ ತಂದೆ, 600 ರೂ. ಜಾತಿ ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್. ಮೈ ಕಡುಗಪ್ಪು, ರೆಕ್ಕೆ ಶುರುವಾಗೋ ಕಡೆ ಎರಡು ಹಳದಿ ಚುಕ್ಕಿ, ಅದರಿಂದಲೇ ಗುರುತು ಹಿಡೀಬಹುದು. ವಿದೇಶದಲ್ಲಿ ಜಾಸ್ತಿ ಸಾಕೋದು ಕಂದು ಬಣ್ಣದ ಅಚೀಟಾ ಡೊಮೆಸ್ಟಿಕಸ್, ಆದ್ರೆ 2009-10ರ ಸುಮಾರಿಗೆ ಆ ಜಾತಿಗೆ ಡೆನ್ಸೋ ವೈರಸ್ ತಗುಲಿ ಅಮೆರಿಕದಲ್ಲಿ ಎಷ್ಟೋ ಫಾರಂಗಳಲ್ಲಿ ಹುಳ ಪೂರ್ತಿ ಸತ್ತು ಹೋಗಿದ್ವು. ಅದಕ್ಕೇ ಚುಕ್ಕಿ ಹುಳ ಆರಿಸ್ಕೊಂಡೆ. ಇದು ಜಗಳಗಂಟಿ, ಇಕ್ಕಟ್ಟಾದ್ರೆ ಒಂದನ್ನೊಂದು ತಿನ್ನುತ್ತೆ, ಅದನ್ನ ತಲೇಲಿ ಇಟ್ಕೊಂಡೇ ಪೆಟ್ಟಿಗೆ ಮಾಡ್ಬೇಕು.

ಗಂಡು ಹೆಣ್ಣು ಗೊತ್ತು ಮಾಡೋದು ಸುಲಭ. ಹೆಣ್ಣಿಗೆ ಹಿಂದೆ ಸೂಜಿ ಥರ ಉದ್ದದ ಕೊಳವೆ ಇರುತ್ತೆ, ಮಣ್ಣಿಗೆ ಚುಚ್ಚಿ ಮೊಟ್ಟೆ ಇಡೋಕೆ. ಕೂಗೋದು ಗಂಡು ಮಾತ್ರ. ಒಂದು ಗಂಡಿಗೆ ಮೂರು ಹೆಣ್ಣು ಇಟ್ರೆ ಸಾಕು, ಗಂಡು ಜಾಸ್ತಿ ಇದ್ರೆ ಬರೀ ಕಾದಾಟ.

ಹಂತ 2: ಬೆಳೆಯೋ ಪೆಟ್ಟಿಗೆ (ಫೆಬ್ರವರಿ)

ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಮನೆ ಕಟ್ಟಿದವ್ರ ಹತ್ರ ಉಳಿದಿದ್ದ 9 ಎಂಎಂ ಪ್ಲೈವುಡ್ ತುಂಡುಗಳು, 900 ರೂ ಕೊಟ್ಟೆ. ಒಳಗೋಡೆಯ ಮೇಲ್ಭಾಗಕ್ಕೆ 4 ಇಂಚು ಅಗಲಕ್ಕೆ ಸುತ್ತಲೂ ಬ್ರೌನ್ ಪ್ಯಾಕಿಂಗ್ ಟೇಪು, ಅದರ ಮೇಲೆ ಹುಳದ ಕಾಲು ನಿಲ್ಲಲ್ಲ, ಜಾರಿ ಕೆಳಗೆ ಬೀಳುತ್ತೆ. ಟೇಪಿನ ಮೇಲೆ ಧೂಳು ಕೂತ್ರೆ ಹತ್ತಿಬಿಡುತ್ತೆ, ವಾರಕ್ಕೊಮ್ಮೆ ಒಣ ಬಟ್ಟೇಲಿ ಒರೆಸ್ಬೇಕು.

ಒಳಗೆ ಮೊಟ್ಟೆ ಅಂಗಡಿಯ 30 ಮೊಟ್ಟೆ ಟ್ರೇಗಳು, ಹಳೇದು, ಒಂದಕ್ಕೆ 3 ರೂ, 40 ತಂದೆ. ಮೊದ್ಲು ಮಲಗಿಸಿ ಒಂದರ ಮೇಲೊಂದು ಇಟ್ಟಿದ್ದೆ, ಹಿಕ್ಕೆ ಎಲ್ಲ ಗುಳೀಲಿ ತುಂಬಿ, ತೇವ ಹಿಡಿದು, ಅಮೋನಿಯ ವಾಸನೆ ಬಂತು. ಪುಸ್ತಕ ಜೋಡಿಸೋ ಹಾಗೆ ನೆಟ್ಟಗೆ ನಿಲ್ಲಿಸಿದ ಮೇಲೆ ಹಿಕ್ಕೆ ತಳಕ್ಕೆ ಉದುರುತ್ತೆ, ಟ್ರೇ ಒಣಗಿರುತ್ತೆ, ವಾಸನೆ ಇಲ್ಲ. ಈ ಹಿಕ್ಕೆ ಒಳ್ಳೆ ಗೊಬ್ಬರ, ಬಸಳೆ ಬುಡಕ್ಕೆ ಹಾಕ್ತಾ ಇದೀನಿ.

ಮುಚ್ಚಳಕ್ಕೆ ನೈಲಾನ್ ಸೊಳ್ಳೆ ಪರದೆ ಹೊಡೆದಿದ್ದು ಪೂರ್ತಿ ವೇಸ್ಟು. ದೊಡ್ಡ ಹುಳಗಳು ಟ್ರೇ ತುದಿಗೆ ಹತ್ತಿ ಅಲ್ಲಿಂದ ಪರದೆಗೆ ಹಾರಿ, ಕಡಿದು ತೂತು ಮಾಡಿ ಹೊರಗೆ ಬಂದ್ವು. ಕಿಟಕಿಗೆ ಹಾಕೋ ಅಲ್ಯೂಮಿನಿಯಂ ಜಾಲರಿಗೆ ಬದಲಾಯಿಸಿದೆ, 280 ರೂ, ಆಮೇಲೆ ಒಂದೂ ತಪ್ಪಿಸ್ಕೊಂಡಿಲ್ಲ. ಟ್ರೇ ತುದಿಗೂ ಜಾಲರಿಗೂ ನಡುವೆ 8 ಇಂಚು ಗ್ಯಾಪ್ ಇರ್ಲಿ.

ಪೆಟ್ಟಿಗೆಯ ನಾಲ್ಕು ಕಾಲಿಗೂ ಬಟ್ಟಲು, ಬಟ್ಟಲಲ್ಲಿ ನೀರು, ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು. ಬರೀ ನೀರಾದ್ರೆ ಇರುವೆ ಮೇಲೆ ತೇಲ್ಕೊಂಡು ದಾಟುತ್ತೆ, ಸೋಪು ಹಾಕಿದ್ರೆ ಮುಳುಗುತ್ತೆ. ಮಲೆನಾಡಲ್ಲಿ ಇರುವೆ ತಡೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ ಮಾರಾಯ್ರೆ, ಮೊಟ್ಟೆ ಒಡೆದ ದಿನ ಇರುವೆ ಸಾಲು ಒಳಗೆ ಹೊಕ್ರೆ ಬೆಳಗಾಗೋದ್ರೊಳಗೆ ಒಂದು ಮರೀನೂ ಉಳಿಯಲ್ಲ.

ಹಂತ 3: ಮೊಟ್ಟೆ (ಮಾರ್ಚ್, ಏಪ್ರಿಲ್)

ಒಂದೂವರೆ ಇಂಚು ಆಳದ ಡಬ್ಬಿಗೆ ತೆಂಗಿನ ನಾರಿನ ಪುಡಿ, ಅಂದ್ರೆ ನರ್ಸರೀಲಿ ಸಿಗೋ ಕೋಕೋಪೀಟ್. ಎರಡು ಸಲ ನೀರಲ್ಲಿ ತೊಳೆದು ಉಪ್ಪಿನಂಶ ತೆಗೆದು, ಹಿಂಡಿ ತುಂಬೋದು. ತೇವ ಎಷ್ಟಿರಬೇಕು ಅಂದ್ರೆ ಮುಷ್ಟೀಲಿ ಹಿಡಿದು ಒತ್ತಿದ್ರೆ ಬೆರಳ ಸಂದೀಲಿ ನೀರು ಜಿನುಗಬಾರ್ದು, ಕೈ ಬಿಚ್ಚಿದ್ರೆ ಉಂಡೆ ಒಡೀಬಾರ್ದು. ಮೇಲೆ ಒಂದು ತುಂಡು ಜಾಲರಿ, ಇಲ್ಲಾಂದ್ರೆ ಇಟ್ಟ ಮೊಟ್ಟೇನ ಅವೇ ಕೆದಕಿ ತಿಂತಾವೆ. ಹೆಣ್ಣು ಹುಳ ಬೆನ್ನು ಬಗ್ಗಿಸಿ ಕೊಳವೇನ ಜಾಲರಿ ಕಣ್ಣಲ್ಲಿ ಇಳಿಸಿ, ಸ್ವಲ್ಪ ಹೊತ್ತು ಅಲ್ಲಾಡದೆ ನಿಂತು, ತೆಗೆದು, ಅರ್ಧ ಇಂಚು ಆಚೆ ಮತ್ತೆ ಚುಚ್ಚುತ್ತೆ. ಎರಡು ದಿನ ಬಿಟ್ಟು ಡಬ್ಬಿ ತೆಗೆದು ಅಂಚಲ್ಲಿ ನೋಡಿದ್ರೆ ಹಳದಿ ಬಿಳಿ ಬಣ್ಣದ ಸಣ್ಣ ಮೊಟ್ಟೆ, ಎರಡೂವರೆ ಮಿಲಿಮೀಟರ್ ಇರಬಹುದು, ಸ್ವಲ್ಪ ಬಾಗಿರುತ್ತೆ.

30 ಡಿಗ್ರಿ ಇದ್ರೆ 10ರಿಂದ 12 ದಿನಕ್ಕೆ ಒಡೆಯುತ್ತೆ. ಏಪ್ರಿಲ್ ಸೆಕೆಗೆ ಏನೂ ಮಾಡದೆ ಒಡೆದ್ವು. ಮರಿ ಹೊರಗೆ ಬಂದಾಗ ಎರಡು ಮಿಲಿಮೀಟರ್, ಬೆಳ್ಳಗಿರುತ್ತೆ, ಕೆಲವೇ ಗಂಟೇಲಿ ಕಪ್ಪಾಗುತ್ತೆ. ನೀರಿನ ತಟ್ಟೆ ಇಟ್ರೆ ಮುಳುಗಿ ಸಾಯ್ತಾವೆ, ಒದ್ದೆ ಸ್ಪಂಜೇ ಇಡ್ಬೇಕು, ದಿನಾ ಬದಲಾಯಿಸ್ಬೇಕು, ಇಲ್ಲಾಂದ್ರೆ ಲೋಳೆ ಕಟ್ಟುತ್ತೆ.

ಈ ಹಂತದಲ್ಲಿ ಒಂದು ಪೆಟ್ಟಿಗೆ ಮರಿ ಒಂದೇ ರಾತ್ರೀಲಿ ಹೋಯ್ತು. ಸಂತೆಯಿಂದ ತಂದ ಹೂಕೋಸಿನ ಎಲೆ ಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಎಲ್ಲ ಬೆನ್ನಡಿಯಾಗಿ ಬಿದ್ದು ಕಾಲು ನಡುಗಿಸ್ತಾ ಇದ್ವು. ಕೀಟನಾಶಕ ಹೊಡೆದ ಎಲೆ, ಇವೂ ಕೀಟವೇ ತಾನೆ. ಅವತ್ತಿಂದ ಹಿತ್ತಲಿನ ಸಿಹಿಗುಂಬಳ, ನುಗ್ಗೆ ಸೊಪ್ಪು, ಸೌತೆಕಾಯಿ ಬಿಟ್ಟು ಬೇರೆ ಏನೂ ಇಲ್ಲ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ ಕಳೇನೂ ಹಾಕಲ್ಲ, ಮೈಲುತುತ್ತ ಎಲೆ ಮೇಲೆಲ್ಲ ತೊಟ್ಟಿಕ್ಕಿರುತ್ತೆ.

ಹಂತ 4: ಮಳೆ, ಹಳೇ ಫ್ರಿಜ್ಜು (ಜೂನ್)

ಮಳೆ ಹಿಡಿದ ಮೇಲೆ ಮೊಟ್ಟೆ ಡಬ್ಬಿ ಹಾಗೇ ಉಳೀತು, ಒಡೀಲೇ ಇಲ್ಲ. ಬೂಷ್ಟು ಬಂತು. ದೊಡ್ಡ ಹುಳ ಮೇವು ಮುಟ್ಟೋದು ಕಡಿಮೆ ಆಯ್ತು.

ಗುಜರಿ ಅಂಗಡೀಲಿ ಕಂಪ್ರೆಸರ್ ಸತ್ತ 165 ಲೀಟರ್ ಫ್ರಿಜ್ಜು, 700 ರೂ. ಗ್ಯಾಸು, ಕಂಪ್ರೆಸರ್ ಮೆಕ್ಯಾನಿಕ್ಕೇ ತೆಗೆದು ಕೊಟ್ಟಿದ್ರು. ಫ್ರಿಜ್ಜು ಯಾಕೆ ಅಂದ್ರೆ ಅದರ ಗೋಡೆ ಒಳಗಿನ ಫೋಮು, ತಂಪು ಹಿಡಿಯೋದು ಬಿಸೀನೂ ಹಿಡಿಯುತ್ತೆ. ತಳದಲ್ಲಿ 40 ವ್ಯಾಟಿನ ಗುಂಡು ಬಲ್ಬು ಎರಡು, ಹಳೇ ಎಣ್ಣೆ ಡಬ್ಬಿ ಒಳಗೆ, ಬೆಳಕು ನೇರ ಬೀಳದ ಹಾಗೆ. ಎಸ್‌ಟಿಸಿ 1000 ಕಂಟ್ರೋಲರ್ (ಬಿಸಿ ನೋಡಿ ಬಲ್ಬನ್ನ ತಾನೇ ಹಾಕಿ ಆರಿಸೋ ಸಾಧನ) 450 ರೂ, 30ಕ್ಕೆ ಸೆಟ್ ಮಾಡಿ ಒಂದು ಡಿಗ್ರಿ ಗ್ಯಾಪ್ ಕೊಟ್ಟೆ. ಹೋಲ್ಡರು ವಯರು 180.

ಹಾಕಿದ ಮೊದಲ ವಾರ ಎರಡು ತೊಂದರೆ. ಸೆನ್ಸರ್ ಮೇಲಿನ ಶೆಲ್ಫಲ್ಲಿ ಇತ್ತು, ಡಿಸ್‌ಪ್ಲೇ 30 ತೋರಿಸ್ತಿತ್ತು, ಕೆಳಗಿನ ಮೂಲೇಲಿ ಥರ್ಮಾಮೀಟರ್ ಇಟ್ರೆ 25. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನು 150 ರೂಪಾಯಿಗೆ ತಂದು, ಮನೇಲಿದ್ದ ರೌಟರ್ ಅಡಾಪ್ಟರಿಗೆ ಕೊಟ್ಟು ಒಳಗೇ ಗಾಳಿ ತಿರುಗಿಸಿದ ಮೇಲೆ ಮೇಲೆ ಕೆಳಗೆ ಒಂದು ಡಿಗ್ರಿ ವ್ಯತ್ಯಾಸ ಅಷ್ಟೇ. ಎರಡನೇದು ತೇವ, ಬಾಗಿಲು ಮುಚ್ಚಿದ್ರೆ ಗಾಳಿ ಆಡಲ್ಲ, ಒಳಗೋಡೆ ತುಂಬ ನೀರಿನ ಹನಿ, ತೊಟ್ಟಿಕ್ಕಿ ಮೊಟ್ಟೆ ಡಬ್ಬಿಗೇ ಬೀಳ್ತಿತ್ತು. ತೂತು ಹೊಡೀಬೇಕು, ಆದ್ರೆ ಫ್ರಿಜ್ಜಿನ ಪಕ್ಕದ ಗೋಡೇಲಿ, ಬೆನ್ನಲ್ಲಿ ಪೈಪು ಓಡಿರುತ್ತೆ, ಅಲ್ಲಿ ಡ್ರಿಲ್ ಇಡಬೇಡಿ. ಬಾಗಿಲಲ್ಲಿ ಪೈಪು ಇರಲ್ಲ. ಬಾಗಿಲ ಕೆಳಗೆ ಒಂದು, ಮೇಲೆ ಒಂದು, 25 ಎಂಎಂ ತೂತು, ಎರಡಕ್ಕೂ ಜಾಲರಿ. ಹನಿ ನಿಂತಿತು.

ಹನಿ ನಿಂತ ಮೇಲೆ ಉಲ್ಟಾ ಸಮಸ್ಯೆ, ಫ್ಯಾನಿನ ಗಾಳಿಗೆ ಕೋಕೋಪೀಟ್ ಒಣಗಿ ಮೊಟ್ಟೆ ಸುಕ್ಕಾಯ್ತು. ಇಲ್ಲೇ ನಂಗೆ ಇಡೀ ವಿಷಯ ಅರ್ಥ ಆಗಿದ್ದು. ಮೊಟ್ಟೆಗೆ ಬೇಕಾಗಿರೋದು ಒದ್ದೆ ಬಿಸಿ, ಮರಿಗೂ ದೊಡ್ಡ ಹುಳಕ್ಕೂ ಬೇಕಾಗಿರೋದು ಒಣ ಬಿಸಿ, ಎರಡನ್ನೂ ಒಂದೇ ಗಾಳೀಲಿ ಸಾಕೋಕೆ ಹೋದ್ರೆ ಒಂದಲ್ಲ ಒಂದು ಸಾಯುತ್ತೆ. ಈಗ ಮೊಟ್ಟೆ ಡಬ್ಬಿಗೆ ಮುಚ್ಚಳ ಹಾಕಿ, ಮುಚ್ಚಳಕ್ಕೆ ದಬ್ಬಣದಲ್ಲಿ ನಾಲ್ಕೈದು ತೂತು ಮಾಡಿ ಇಡ್ತೀನಿ. ಫ್ರಿಜ್ಜಿನ ಗಾಳಿ ಒಣಗಿರುತ್ತೆ, ಡಬ್ಬಿ ಒಳಗೆ ಒದ್ದೆ ಇರುತ್ತೆ. ಮರಿ ಕಾಣಿಸಿದ ದಿನ ಮುಚ್ಚಳ ತೆಗೆದು ಪಕ್ಕದ ಒಣ ಡಬ್ಬಿಗೆ ಒಂದು ತುಂಡು ಟ್ರೇ ಸೇತುವೆ ಇಟ್ರೆ ಅವೇ ದಾಟ್ತಾವೆ, ಕೈಯಲ್ಲಿ ಮುಟ್ಟೋದೇ ಬೇಡ.

ಕರೆಂಟು ಹೋದಾಗ ಏನು? ಮಳೆಗಾಲದಲ್ಲಿ ಮರ ಬಿದ್ರೆ ಒಂದು ರಾತ್ರಿ ಪೂರ್ತಿ ಇರಲ್ಲ. ಇನ್ವರ್ಟರಿಗೆ ಬಲ್ಬು ಕೊಡೋದು ದಂಡ. ಬಚ್ಚಲ ಹಂಡೆಯ ಬಿಸಿನೀರು 10 ಲೀಟರಿನ ಸ್ಟೀಲ್ ಹಾಲಿನ ಕ್ಯಾನಿಗೆ ತುಂಬಿ, ಗೋಣಿಚೀಲದಲ್ಲಿ ಎರಡು ಸುತ್ತು ಸುತ್ತಿ ಒಳಗಿಟ್ರೆ ಬೆಳಗಿನ ತನಕ 27ಕ್ಕಿಂತ ಕೆಳಗೆ ಇಳೀಲಿಲ್ಲ. ಗೋಣಿ ಸುತ್ತದೆ ಇಟ್ಟಾಗ 36 ದಾಟಿತ್ತು, ಅದಕ್ಕೆ ಸುತ್ತೋದು ಕಡ್ಡಾಯ.

ಹಂತ 5: ಬಚ್ಚಲ ಗೋಡೆ (ಜುಲೈ)

ಫ್ರಿಜ್ಜು ದಿನಕ್ಕೆ ಒಂದು ಯೂನಿಟ್ ಒಳಗೇ ಮುಗಿಸುತ್ತೆ. ದೊಡ್ಡ ಪೆಟ್ಟಿಗೆ ಹಾಗಲ್ಲ, ತೆಳು ಪ್ಲೈವುಡ್ಡು, ಮೇಲೆ ಜಾಲರಿ, ಬಿಸಿ ಎಲ್ಲ ಹೊರಗೆ ಹೋಗುತ್ತೆ, 60 ವ್ಯಾಟಿನ ಎರಡು ಬಲ್ಬು ಹಗಲೂ ರಾತ್ರಿ ಉರಿದ್ರೂ 28 ಮುಟ್ಟೋದು ಕಷ್ಟ. ದಿನಕ್ಕೆ ಹತ್ತಿರ ಹತ್ತಿರ ಮೂರು ಯೂನಿಟ್ಟು, ತಿಂಗಳಿಗೆ 86, ಯೂನಿಟ್ಟಿಗೆ 6 ರೂ ಹಿಡಿದ್ರೂ 516 ರೂ. ಅದೇ ಹುಳ ಒಂದು ಬ್ಯಾಚಿಗೆ ತಿನ್ನೋ ಮೇವು ನೂರು ಚಿಲ್ರೆ. ಗೃಹಜ್ಯೋತಿ ಇದೆಯಲ್ಲ ಅಂದ್ರೆ, ಅದು ಹಳೇ ಸರಾಸರಿ ಮೇಲೆ ಸ್ವಲ್ಪ ಜಾಸ್ತಿ ಕೊಡುತ್ತೆ ಅಷ್ಟೇ, ಜಾಸ್ತಿ ಉರಿಸಿದ್ದಕ್ಕೆ ಬಿಲ್ಲು ಬಂದೇ ಬರುತ್ತೆ. ಮೇವಿನ ನಾಲ್ಕು ಪಟ್ಟು ಕರೆಂಟು ಸುಟ್ಟು ಬೆಳೆಸಿದ್ದನ್ನ ಪರಿಸರಸ್ನೇಹಿ ಅಂತ ನಾನಂತೂ ಒಪ್ಪಲ್ಲ.

ನಮ್ಮ ಬಚ್ಚಲ ಒಲೆ ಬೆಳಿಗ್ಗೆ ಸಂಜೆ ಹೇಗೂ ಉರಿಯುತ್ತೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಲೆ ಹಿಂದಿನದು ದಪ್ಪ ಜಂಬಿಟ್ಟಿಗೆ ಗೋಡೆ, ಆಚೆ ಕಡೆ ಸೌದೆ ಕೊಟ್ಟಿಗೆ. ಗೋಡೆಯ ಆ ಮೈಗೆ ಥರ್ಮಾಮೀಟರ್ ಅಂಟಿಸಿ ನೋಡಿದೆ: ಬೆಳಿಗ್ಗೆ ಒಲೆ ಉರಿದ ಮೇಲೆ 39, ಮಧ್ಯಾಹ್ನ 32, ಸಂಜೆ ಒಲೆ ಹಾಕೋ ಮುಂಚೆ 29. ಹೊರಗೆ 21 ಇದ್ದ ದಿನದ ಲೆಕ್ಕ ಇದು. ಜಂಬಿಟ್ಟಿಗೆ ಬಿಸಿ ಬಿಟ್ಟುಕೊಡೋದು ನಿಧಾನ, ಅದೇ ನಮಗೆ ಬೇಕಿದ್ದಿದ್ದು.

ಪೆಟ್ಟಿಗೇನ ಒಂದಡಿ ಕಲ್ಲು ಎತ್ತರಿಸಿ ಗೋಡೆಯಿಂದ ಮೂರು ಇಂಚು ದೂರ ಇಟ್ಟೆ, ಗ್ಯಾಪಿನ ಪಕ್ಕ ಮತ್ತೆ ಮೇಲ್ಭಾಗ ಗೋಣಿ ತುರುಕಿ ಮುಚ್ಚಿದೆ. ಉಳಿದ ಮೂರು ಬದಿಗೆ ಅಡಿಕೆ ಹಾಳೆ ಎರಡು ಪದರ, ಮಧ್ಯೆ ಒಣಹುಲ್ಲು. ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಹಳೇ ಕಂಬಳಿ. ಒಳಗೆ ಹಗಲು 29, ರಾತ್ರಿ ಮೂರು ಗಂಟೆ ಹೊತ್ತಿಗೆ 26. ಬಲ್ಬು ಒಂದೇ ಸಾಕಾಯ್ತು, ಅದೂ ರಾತ್ರಿ ಮಾತ್ರ, ದಿನಕ್ಕೆ ಅರ್ಧ ಯೂನಿಟ್ಟು. ಹುಳದ ಬೆಳವಣಿಗೆ 31 ಡಿಗ್ರೀಲಿ ಆಗೋದಕ್ಕಿಂತ ಒಂದು ವಾರ ಲೇಟು, ಪರವಾಗಿಲ್ಲ.

ಇಲ್ಲಿ ಬಂದ ತೊಂದರೆ ಹೊಗೆ. ಗೋಡೆ ಮೇಲಿನ ಸಂದಿಂದ ಕೊಟ್ಟಿಗೆಗೆ ಹೊಗೆ ಬರ್ತಿತ್ತು, ಹುಳ ಎಲ್ಲ ಮಂಕಾಗಿ ಟ್ರೇ ಕೆಳಗೆ ಕೂತಿರ್ತಿದ್ವು. ಕೆಮ್ಮಣ್ಣಿಗೆ ಸಗಣಿ ಕಲಸಿ ಸಂದಿ ಮೆತ್ತಿದ ಮೇಲೆ ಸರಿ ಆಯ್ತು.

ಹಂತ 6: ಮೇವಿನ ಲೆಕ್ಕ

ಮೊದಲ ಪೂರ್ತಿ ಬ್ಯಾಚಿಗೆ ಕೋಳಿ ಮರಿ ಸ್ಟಾರ್ಟರ್ (ಎಳೆ ಮರಿಗೆ ಕೊಡೋ ರೆಡಿ ಮೇವು) ಕೊಟ್ಟಿದ್ದೆ, ಅದರಲ್ಲಿ 20 ಪರ್ಸೆಂಟ್ ಪ್ರೋಟೀನ್. 2 ಕೆಜಿ 600 ಗ್ರಾಂ ಹೋಯ್ತು, ಸಿಕ್ಕಿದ ಹುಳ 1 ಕೆಜಿ 400 ಗ್ರಾಂ. ಹಸಿ ಹುಳದಲ್ಲಿ ನೂರಕ್ಕೆ 20 ಗ್ರಾಂ ಸುಮಾರು ಪ್ರೋಟೀನ್, ಮಿಕ್ಕಿದ್ದು ಬಹುಪಾಲು ನೀರು. ಅಂದ್ರೆ 520 ಗ್ರಾಂ ಪ್ರೋಟೀನ್ ಹಾಕಿ 280 ಗ್ರಾಂ ವಾಪಸ್ ಪಡೆದೆ. ಸ್ಟಾರ್ಟರನ್ನ ಹುಳಕ್ಕೆ ಹಾಕಿ, ಆ ಹುಳಾನ ಕೋಳಿಗೆ ಹಾಕೋದು ಅಂದ್ರೆ ದಾರೀಲಿ ಹತ್ತಿರ ಹತ್ತಿರ ಅರ್ಧ ಚೆಲ್ಲಿದ ಹಾಗೆ, ಅದರ ಬದಲು ಸ್ಟಾರ್ಟರನ್ನೇ ಕೋಳಿಗೆ ಹಾಕಬಹುದು. ಹಸುವಿಗಿಂತ 12 ಪಟ್ಟು ಕಡಿಮೆ ಮೇವು ಸಾಕು ಅನ್ನೋ ಮಾತು ಆ 2013ರ ವರದೀಲಿ ಇದೆ, ನಿಜಾನೇ, ಆದ್ರೆ ಅದು ನಾವೇ ತಿನ್ನೋದಾದ್ರೆ ಅನ್ವಯಿಸೋ ಲೆಕ್ಕ. ಹುಳದ ಮೈಯಲ್ಲಿ 80 ಪರ್ಸೆಂಟ್ ತಿನ್ನೋಕೆ ಬರುತ್ತೆ, ಕೋಳೀಲಿ 55, ದನದಲ್ಲಿ 40 ಅಂತಲೂ ಅದರಲ್ಲೇ ಇದೆ.

ಹಾಗಾಗಿ ಮೇವು ಬದಲಾಯಿಸಿದೆ. ಮಿಲ್ಲಿನ ಅಕ್ಕಿ ತೌಡು ಎರಡು ಪಾಲು, ಶೇಂಗಾ ಹಿಂಡಿ ಒಂದು ಪಾಲು, ಪ್ರೋಟೀನ್ 20ರ ಮೇಲೇ ಬೀಳುತ್ತೆ. ತೌಡು ಕೆಜಿಗೆ 22, ಹಿಂಡಿ 55, ಮಿಶ್ರಣ 33 ರೂ ಬಿತ್ತು, ಸ್ಟಾರ್ಟರ್ 44 ಇತ್ತು. ಇದರ ಜೊತೆ ಅಡುಗೆಮನೆಯ ಗುಂಬಳದ ತಿರುಳು, ಸಿಪ್ಪೆ. ಮಳೆಗಾಲದಲ್ಲಿ ಹಿಂಡಿ ಸ್ವಲ್ಪ ತೇವ ಹಿಡಿದ್ರೂ ಅಫ್ಲಾಟಾಕ್ಸಿನ್ ವಿಷದ ಬೂಷ್ಟು ಬೆಳೆಯುತ್ತೆ, ಅದು ಹುಳದಿಂದ ಕೋಳಿಗೂ ನಮಗೂ ಬರಬಾರ್ದು, ಅದಕ್ಕೆ ಒಂದು ಸಲಕ್ಕೆ ಎರಡು ಕೆಜಿಗಿಂತ ಜಾಸ್ತಿ ತರಲ್ಲ, ಒಲೆ ಮೇಲಿನ ಅಟ್ಟದಲ್ಲಿ ಇಡ್ತೀನಿ, ಮುಗ್ಗು ವಾಸನೆ ಬಂದ್ರೆ ಗೊಬ್ಬರದ ಗುಂಡಿಗೆ.

ಪ್ರೋಟೀನ್ ಕಡಿಮೆ ಆದ್ರೆ ಗೊತ್ತಾಗೋದು ಹೇಗೆ ಅಂದ್ರೆ, ಪೊರೆ ಬಿಟ್ಟ ಹುಳ ನೋಡಿ. ಪೊರೆ ಕಳಚಿದಾಗ ಮೈ ಹಾಲಿನಷ್ಟು ಬಿಳಿ, ಮೆತ್ತಗೆ, ಅರ್ಧ ದಿನ ಅದಕ್ಕೆ ಓಡೋಕೂ ಶಕ್ತಿ ಇರಲ್ಲ. ಹೊಟ್ಟೆ ತುಂಬಿದ್ರೆ ಉಳಿದವು ಅದನ್ನ ದಾಟಿ ಹೋಗ್ತಾವೆ, ಇಲ್ಲಾಂದ್ರೆ ಕಾಲಿಂದ ಶುರು ಮಾಡಿ ತಿಂತಾವೆ. ತಳದಲ್ಲಿ ಬರೀ ಕಾಲು ರೆಕ್ಕೆ ಕಂಡ್ರೆ ಹಿಂಡಿ ಜಾಸ್ತಿ ಮಾಡಿ, ಟ್ರೇ ಜಾಸ್ತಿ ಇಡಿ.

ಹಂತ 7: ಕೊಯ್ಲು, ಅಡುಗೆ (ಆಗಸ್ಟ್)

ಮರಿಯಿಂದ ಆರೇಳು ವಾರಕ್ಕೆ ರೆಕ್ಕೆ ಬರುತ್ತೆ, ಕೂಗು ಶುರು ಆದ ವಾರದೊಳಗೆ ತೆಗೀಬೇಕು. ಹಿಂದಿನ ದಿನ ಮೇವು ನಿಲ್ಲಿಸಿ ಬರೀ ನೀರಿನ ಸ್ಪಂಜು, ಹೊಟ್ಟೆ ಖಾಲಿ ಆಗ್ಲಿ ಅಂತ. ಟ್ರೇ ಎತ್ತಿ ಬಕೆಟ್ಟಿಗೆ ಝಾಡಿಸಿದ್ರೆ ಉದುರುತ್ತೆ. ಬಕೆಟ್ಟನ್ನೇ ಮುಚ್ಚಿ ಫ್ರೀಜರಲ್ಲಿ ಒಂದು ರಾತ್ರಿ, ತಂಪಿಗೆ ನಿದ್ದೆ ಹೋದ ಹಾಗೆ ಆಗಿ ಸಾಯ್ತಾವೆ. ಬಿತ್ತನೆಗೆ ಅಂತ ಚೆನ್ನಾಗಿರೋ ಹುಳ ಮೊದ್ಲೇ ಬೇರೆ ಮಾಡಿಡಿ.

ಕೋಳಿ ಮರಿಗೆ ಜಜ್ಜಿ, ದಿನಕ್ಕೆ ಒಂದು ಹಿಡಿ ತೌಡಿನ ಜೊತೆ. ನಮಗೆ ತೊಳೆದು ಐದು ನಿಮಿಷ ಕುದಿಸಿ, ಸೋಸಿ, ಹಿಂಗಾಲು ರೆಕ್ಕೆ ಕಿತ್ತು (ಕಾಲಿನ ಮುಳ್ಳು ಗಂಟಲಿಗೆ ಚುಚ್ಚುತ್ತೆ), ಕಾವಲಿ ಮೇಲೆ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ, ಸೂಜಿಮೆಣಸು, ಉಪ್ಪು ಹಾಕಿ ಗರಿಗರಿ ಆಗೋ ತನಕ ಹುರಿಯೋದು. ರುಚಿ ಒಣಸಿಗಡಿಗೆ ಹತ್ತಿರ. ಸಿಗಡಿ, ಏಡಿ ತಿಂದ್ರೆ ಮೈ ಕಡಿಯೋರು ಇದನ್ನ ಮುಟ್ಟಬೇಡಿ, ಅದೇ ಅಲರ್ಜಿ ಇದಕ್ಕೂ ಬರುತ್ತೆ. ಮನೇಲಿ ಮೊದಲು ಕೈ ಹಾಕಿದ್ದು ದೊಡ್ಡಮ್ಮ, "ಚಗಳಿ ಇರುವೆ ಚಟ್ನಿ ಅರೆದು ಅನ್ನಕ್ಕೆ ಕಲಸಿ ತಿಂದೋರು ನಾವು, ಮಳೆಹುಳ ಹುರಿದು ತಿಂದೋರು, ಇದಕ್ಯಾಕೆ ಮುಖ ಸಿಂಡರಿಸ್ತೀರಿ, ಇನ್ನೊಂಚೂರು ಉಪ್ಪು ಹಾಕು" ಅಂದ್ರು. ಹುಡುಗ್ರು ಅವರ ತಟ್ಟೆಯಿಂದ ತಗೊಂಡು ತಿಂದ್ರು. ಯುರೋಪಲ್ಲಿ 2022ರಲ್ಲಿ ಕಂದು ಕ್ರಿಕೆಟ್ಟಿಗೆ ಆಹಾರ ಅಂತ ಅನುಮತಿ ಕೊಟ್ರು ಅಂತ ಹೇಳಿದ್ದಕ್ಕಿಂತ ದೊಡ್ಡಮ್ಮನ ಮಾತೇ ಜಾಸ್ತಿ ಕೆಲಸ ಮಾಡಿತು. ನಾನು ಯಾರಿಗೂ ಮಾರ್ತಾ ಇಲ್ಲ, ಮನೆ ಬಳಕೆಗೆ ಮಾತ್ರ.

ಖರ್ಚು, ಮತ್ತೆ ಈಗಿನ ಸ್ಥಿತಿ

ಪ್ಲೈವುಡ್ 900, ಜಾಲರಿ 280, ಟೇಪು 60, ಟ್ರೇ 120, ಫ್ರಿಜ್ಜು 700, ಕಂಟ್ರೋಲರ್ 450, ಹೋಲ್ಡರ್ ವಯರ್ 180, ಫ್ಯಾನು 150, ತಳಿ 600. ಒಟ್ಟು 3,440 ರೂ. ಹಾಳೆ, ಹುಲ್ಲು, ಗೋಣಿ, ಕಂಬಳಿ ಮನೇದು. ನೈಲಾನ್ ಪರದೆ ದುಡ್ಡು ಸೇರಿಸಿಲ್ಲ, ಅದು ಮನೇಲಿ ಬಿದ್ದಿದ್ದ ಹಳೇದು.

ತೌಡು ಹಿಂಡಿ ಬ್ಯಾಚು ಈಗ ನಾಲ್ಕನೇ ವಾರದಲ್ಲಿದೆ, ಸ್ಟಾರ್ಟರ್ ಕೊಟ್ಟಾಗ ಇದ್ದಷ್ಟು ದಪ್ಪ ಇಲ್ಲ, ಸಾವೂ ಕಡಿಮೆ. ಪ್ಲೈವುಡ್ಡಿನ ಕೆಳಗಿನ ಅಂಚು ಪುಷ್ಯ ಮಳೆಗೇ ಉಬ್ಬಿ ಪದರ ಬಿಡ್ತಾ ಇದೆ, ಒಂದು ಮೂಲೇಲಿ ಮರಿ ಹೊರಗೆ ಬರೋಷ್ಟು ಸಂದಿ ಆಗಿದ್ದಕ್ಕೆ ಸದ್ಯಕ್ಕೆ ಅಲ್ಲಿಗೂ ಟೇಪು ಹೊಡೆದಿದೀನಿ. ಮುಂದಿನ ಪೆಟ್ಟಿಗೆ ಸಿಮೆಂಟ್ ಬೋರ್ಡಿಂದು, 5 ಅಡಿ ಉದ್ದ, ಗೋಡೆ ಕಡೆಯ ಬದಿಗೆ ಬೋರ್ಡೇ ಇಲ್ಲದೆ ಬರೀ ತಗಡು, ಜಂಬಿಟ್ಟಿಗೆ ಬಿಸಿ ನೇರ ಒಳಗೆ ಬರ್ಲಿ ಅಂತ. ತಗಡಿಗೆ ಟೇಪು ಬಿಸಿಗೆ ಬಿಟ್ಕೊಳ್ಳುತ್ತಾ ಅನ್ನೋದನ್ನ ನೋಡೋಕೆ ಒಂದು ತುಂಡು ತಗಡಿಗೆ ಟೇಪು ಹಚ್ಚಿ ಬಚ್ಚಲ ಗೋಡೆಗೆ ಒರಗಿಸಿ ಇಟ್ಟಿದೀನಿ, ಅದು ನಿಂತ್ರೆ ದೀಪಾವಳಿ ಒಳಗೆ ಕೆಲಸ ಶುರು.